ಲಾಭ ಎಲ್ಲಿಂದ ಬಂತು? ಎರಡು ಷೇರುಗಳ ಗಳಿಕೆಯನ್ನು ಪಕ್ಕಪಕ್ಕ ಇಟ್ಟು ನೋಡುವ ಕ್ರಮ

ಫಲಿತಾಂಶಗಳ ಕಾಲ ಬಂತೆಂದರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಅಚ್ಚಿನ ಸಂದೇಶಗಳು ಹರಿದಾಡುತ್ತವೆ: "ನಿವ್ವಳ ಲಾಭ ಶೇ 79ರಷ್ಟು ಏರಿಕೆ, ಪಿಇ ಬರೀ 20, ಬಿಡಬೇಡಿ." ಪಿಇ ಎಂದರೆ ಷೇರಿನ ಬೆಲೆ ಒಂದು ಷೇರಿನ ವರ್ಷದ ಗಳಿಕೆಯ ಎಷ್ಟು ಪಟ್ಟು ಎಂಬ ಲೆಕ್ಕ. ಎರಡೂ ಅಂಕಿ ನಿಜವೇ ಇದ್ದು, ಷೇರು ಮಾತ್ರ ದುಬಾರಿಯಾಗಿರಬಹುದು. ಅದು ಹೇಗೆಂದು ಒಂದು ಲೆಕ್ಕ ಹಾಕಿಯೇ ನೋಡೋಣ. ವಾಹನದ ಬಿಡಿಭಾಗ ತಯಾರಿಸುವ ಎರಡು ಕಂಪನಿಗಳು ಎಂದುಕೊಳ್ಳಿ. ಅಂಕಿಗಳು ವಿವರಣೆಗಾಗಿ ಹಾಕಿಕೊಂಡವು, ನಿಜವಾದ ಯಾವ ಕಂಪನಿಯವೂ ಅಲ್ಲ. ಮೊತ್ತಗಳು ಕೋಟಿ ರೂಪಾಯಿಗಳಲ್ಲಿವೆ. ಬಾಣದ ಎಡಕ್ಕಿರುವುದು ಹಿಂದಿನ ವರ್ಷ, ಬಲಕ್ಕಿರುವುದು ಈ ವರ್ಷ.

| ಬಾಬ್ತು | ಮೊದಲ ಕಂಪನಿ | ಎರಡನೇ ಕಂಪನಿ |
|---|---|---|
| ಕಾರ್ಯಾಚರಣೆಯ ವರಮಾನ | 800 → 840 | 600 → 690 |
| ಕಾರ್ಯಾಚರಣೆ ಲಾಭ | 96 → 92 | 84 → 100 |
| ಇತರೆ ಆದಾಯ | 8 → 20 | 4 → 4 |
| ಸವಕಳಿ (ಯಂತ್ರ, ಕಟ್ಟಡ ಸವೆಯುವುದರ ವೆಚ್ಚ) | 24 → 25 | 20 → 24 |
| ಬಡ್ಡಿ ವೆಚ್ಚ | 16 → 17 | 8 → 10 |
| ಅಸಾಧಾರಣ ಬಾಬ್ತು | 0 → 40 | 0 → 0 |
| ತೆರಿಗೆಗೆ ಮುಂಚಿನ ಲಾಭ | 64 → 110 | 60 → 70 |
| ತೆರಿಗೆ | 16 → 24 | 15 → 17.5 |
| ನಿವ್ವಳ ಲಾಭ | 48 → 86 | 45 → 52.5 |
| ಷೇರುಗಳು, ಕೋಟಿಗಳಲ್ಲಿ | 4 | 3 |
| ಇಪಿಎಸ್ (ಒಂದು ಷೇರಿನ ಪಾಲಿನ ಲಾಭ), ರೂಪಾಯಿ | 12 → 21.50 | 15 → 17.50 |
| ಷೇರಿನ ಬೆಲೆ, ರೂಪಾಯಿ | 430 | 420 |
| ಪಿಇ | 20 | 24 |
| ಗ್ರಾಹಕರಿಂದ ಬರಬೇಕಾದ ಬಾಕಿ | 130 → 190 | 95 → 110 |
| ಕಾರ್ಯಾಚರಣೆಯಿಂದ ಬಂದ ನಗದು | 70 → 30 | 58 → 62 |

ಸಂದೇಶ ಬರೆದವರು ನೋಡಿದ್ದು ಮೊದಲ ಕಂಪನಿಯ ನಿವ್ವಳ ಲಾಭ ಮತ್ತು ಪಿಇ, ಅಷ್ಟೇ. ಅಸಾಧಾರಣ ಬಾಬ್ತಿನ 40 ಕೋಟಿ ಹಳೆಯ ಜಾಗವೊಂದನ್ನು ಮಾರಿದ್ದರಿಂದ ಬಂದದ್ದು, ಮುಂದಿನ ವರ್ಷ ಬರುವುದಿಲ್ಲ. ಇತರೆ ಆದಾಯದಲ್ಲಿ ಹೆಚ್ಚಾದ 12 ಕೋಟಿ ಆದಾಯ ತೆರಿಗೆ ಮರುಪಾವತಿಯ ಮೇಲಿನ ಬಡ್ಡಿ ಎಂದು ಟಿಪ್ಪಣಿಯಲ್ಲಿದೆ. ಅದೂ ಒಂದು ಸಲದ್ದೇ. ಎರಡನ್ನೂ ತೆಗೆದರೆ ತೆರಿಗೆಗೆ ಮುಂಚಿನ ಲಾಭ 92 + 8 - 25 - 17, ಅಂದರೆ 58 ಕೋಟಿ. ಶೇ 25 ತೆರಿಗೆ ಕಳೆದು 43.5 ಕೋಟಿ. ಒಂದು ಷೇರಿಗೆ ಸುಮಾರು 10.90 ರೂಪಾಯಿ. 430 ರೂಪಾಯಿ ಬೆಲೆಗೆ ಹೋಲಿಸಿದರೆ ಪಿಇ ಸುಮಾರು 39.5. ಲಾಭ ಏರಿದ್ದು ಶೇ 79 ಅಲ್ಲ, 48ರಿಂದ 43.5ಕ್ಕೆ, ಶೇ 9ಕ್ಕಿಂತ ಹೆಚ್ಚು ಇಳಿದಿದೆ. 24ರ ಪಿಇ ಕಂಡು "ದುಬಾರಿ" ಎಂದು ಬದಿಗಿಟ್ಟ ಎರಡನೇ ಕಂಪನಿಯೇ ಇಲ್ಲಿ ಅಗ್ಗ.

ಹಾಗಾಗಿ ಎರಡು ಷೇರುಗಳ ನಡುವೆ ಆರಿಸುವಾಗ ಮೊದಲ ಪ್ರಶ್ನೆ "ಲಾಭ ಎಷ್ಟು?" ಆಗಬಾರದು. ಲಾಭ ಎಲ್ಲಿಂದ ಬಂತು, ಮುಂದಿನ ವರ್ಷವೂ ಬರುತ್ತದೆಯೇ, ದುಡ್ಡಾಗಿ ಕೈಸೇರಿತೇ ಎಂದು ಕೇಳಬೇಕು. ಇದಕ್ಕೆ ಬೇಕಾದ ಅಂಕಿಗಳೆಲ್ಲ ಕಂಪನಿ ಷೇರುಪೇಟೆಗೆ ಸಲ್ಲಿಸುವ ಪಿಡಿಎಫ್‌ನಲ್ಲೇ ಇರುತ್ತವೆ. ಬಿಎಸ್‌ಇ, ಎನ್‌ಎಸ್‌ಇ ಎರಡೂ ಜಾಲತಾಣಗಳಲ್ಲಿ ಕಂಪನಿಯ ಹೆಸರು ಹಾಕಿದರೆ ಉಚಿತವಾಗಿ ಸಿಗುತ್ತದೆ.

ಮೂರು ಅಳತೆಗೋಲು, ಯಾವುದು ಯಾವಾಗ

ಇಪಿಎಸ್ ಎಂದರೆ ನಿವ್ವಳ ಲಾಭವನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿದ್ದು. ಷೇರುದಾರನಿಗೆ ಕೊನೆಗೆ ಉಳಿಯುವುದು ಇದೇ ಆದ್ದರಿಂದ ಬಿಡುವಂತಿಲ್ಲ. ಆದರೆ ಇದು ಪಟ್ಟಿಯ ತೀರಾ ಕೆಳಗಿನ ಅಂಕಿ. ಜಾಗ ಮಾರಿದ್ದು, ತೆರಿಗೆ ದರ ಬದಲಾದದ್ದು, ಹಳೆಯ ವ್ಯಾಜ್ಯ ಇತ್ಯರ್ಥವಾದದ್ದು, ಎಲ್ಲವೂ ಇದರೊಳಗೆ ಬೆರೆತಿರುತ್ತವೆ. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಂಪನಿ ತೆರಿಗೆ ಇಳಿಸಿ, ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳಿಗೆ ಶೇ 22ರ ದರ ತಂದಿತು. ಸರ್ಚಾರ್ಜ್, ಸೆಸ್ ಸೇರಿ ಅದು ಶೇ 25.17. ಆ ವರ್ಷ ವ್ಯಾಪಾರ ಒಂದಿಷ್ಟೂ ಬೆಳೆಯದ ಕಂಪನಿಗಳ ಇಪಿಎಸ್ ಕೂಡ ಮೇಲಕ್ಕೆ ಹೋಯಿತು. ಹಳೆಯ ವರ್ಷಗಳ ಬೆಳವಣಿಗೆ ಲೆಕ್ಕ ಹಾಕುವಾಗ 2018-19ರಿಂದ 2019-20ಕ್ಕೆ ಜಿಗಿತ ಕಂಡರೆ ತೆರಿಗೆಯ ಸಾಲನ್ನು ಮೊದಲು ನೋಡಿ.

ಕಾರ್ಯಾಚರಣೆ ಲಾಭ ಇದಕ್ಕಿಂತ ಮೇಲಿನ ಮೆಟ್ಟಿಲು. ಫಲಿತಾಂಶದ ಪಟ್ಟಿಯಲ್ಲಿ ಸಾಮಾನ್ಯವಾಗಿ ಈ ಹೆಸರಿನ ಸಾಲೇ ಇರುವುದಿಲ್ಲ, ನಾವೇ ತೆಗೆಯಬೇಕು. ಒಟ್ಟು ವೆಚ್ಚದಿಂದ ಹಣಕಾಸು ವೆಚ್ಚ ಮತ್ತು ಸವಕಳಿ ಕಳೆಯಿರಿ. ಉಳಿದದ್ದನ್ನು ಕಾರ್ಯಾಚರಣೆಯ ವರಮಾನದಿಂದ ಕಳೆಯಿರಿ. ಮೊದಲ ಕಂಪನಿಯ ಒಟ್ಟು ವೆಚ್ಚ 790 ಕೋಟಿ. ಅದರಿಂದ 25 ಮತ್ತು 17 ಹೋದರೆ 748. 840ರಿಂದ 748 ಕಳೆದರೆ 92. ಇತರೆ ಆದಾಯವನ್ನು ಇದಕ್ಕೆ ಸೇರಿಸಬೇಡಿ. ಕಂಪನಿಗಳು ತಮ್ಮ ಪತ್ರಿಕಾ ಪ್ರಕಟಣೆಯಲ್ಲಿ ಅದನ್ನೂ ಸೇರಿಸಿ ದೊಡ್ಡ ಅಂಕಿ ತೋರಿಸುವುದುಂಟು. ವರಮಾನದ ಎದುರು ಇದರ ಶೇಕಡಾವಾರು ತೆಗೆದರೆ ಮೊದಲ ಕಂಪನಿಯದು 12ರಿಂದ 11ಕ್ಕೆ ಇಳಿದಿದೆ, ಎರಡನೆಯದು 14ರಿಂದ 14.5ಕ್ಕೆ ಏರಿದೆ. ಒಂದೇ ಉಕ್ಕು, ಒಂದೇ ಕೂಲಿ ದರ, ಒಂದೇ ಬಗೆಯ ಗ್ರಾಹಕರು ಇದ್ದೂ ಒಬ್ಬರ ಪ್ರಮಾಣ ಇಳಿದು ಇನ್ನೊಬ್ಬರದು ಏರಿದರೆ, ಬೆಲೆ ಏರಿಕೆಯನ್ನು ಗ್ರಾಹಕರಿಗೆ ದಾಟಿಸುವ ತಾಕತ್ತು ಯಾರಿಗಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಒಂದೇ ಉದ್ಯಮದ ಎರಡು ಕಂಪನಿಗಳನ್ನು ಹೋಲಿಸಲು ಈ ಅಳತೆಗೋಲೇ ಸರಿ. ಬೇರೆ ಬೇರೆ ಉದ್ಯಮಗಳಿಗೆ ಸಲ್ಲದು. ಸಾಫ್ಟ್‌ವೇರ್ ಕಂಪನಿಗೆ ಯಂತ್ರಗಳ ಸವಕಳಿ ಸಣ್ಣದು. ಸಿಮೆಂಟ್ ಕಾರ್ಖಾನೆಗೆ ದೊಡ್ಡದು, ಮತ್ತು ಅದು ನಿಜವಾದ ಖರ್ಚು. ಗೂಡು, ಗಿರಣಿಗಳನ್ನು ಒಂದಲ್ಲ ಒಂದು ದಿನ ಬದಲಾಯಿಸಲೇಬೇಕು. ಬಾಡಿಗೆ ಮಳಿಗೆಗಳಲ್ಲಿ ವ್ಯಾಪಾರ ಮಾಡುವ ಕಂಪನಿಗಳಲ್ಲಿ ಇನ್ನೊಂದು ತೊಡಕಿದೆ. 2019ರ ಏಪ್ರಿಲ್ 1ರಿಂದ ಜಾರಿಯಾದ ಲೆಕ್ಕಪತ್ರ ನಿಯಮದಿಂದಾಗಿ ದೀರ್ಘಾವಧಿ ಬಾಡಿಗೆಯ ಬಹುಪಾಲು ಸವಕಳಿ ಮತ್ತು ಬಡ್ಡಿಯ ಸಾಲಿಗೆ ಹೋಯಿತು. ಕಾರ್ಯಾಚರಣೆ ಲಾಭ ಅದರಿಂದಲೇ ಉಬ್ಬಿತು. ಬಟ್ಟೆ, ಚಪ್ಪಲಿ, ಔಷಧ ಮಳಿಗೆಗಳ ಸರಣಿಗಳನ್ನು ಹೋಲಿಸುವಾಗ ಸವಕಳಿ, ಬಡ್ಡಿ ಎರಡನ್ನೂ ಕಳೆದ ಮೇಲಿನ ಅಂಕಿಯನ್ನೇ ಹಿಡಿಯಿರಿ.

ಮೂರನೆಯದು ನಗದು. ತಿಪಟೂರಿನ ಕೊಬ್ಬರಿ ವರ್ತಕರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಸಾಲದ ಮೇಲೆ ಲೋಡು ಕಳಿಸಿದ ದಿನವೇ ಪುಸ್ತಕದಲ್ಲಿ ಲಾಭ ಹತ್ತುತ್ತದೆ, ಗಲ್ಲಾಪೆಟ್ಟಿಗೆಗೆ ಬೀಳುವುದು ಪಾರ್ಟಿ ದುಡ್ಡು ಕಳಿಸಿದಾಗ. ಕಂಪನಿಯದೂ ಅದೇ ಪಾಡು. ಬಾಕಿಯನ್ನು ವರ್ಷದ ವರಮಾನದಿಂದ ಭಾಗಿಸಿ 365ರಿಂದ ಗುಣಿಸಿದರೆ ಎಷ್ಟು ದಿನದ ವ್ಯಾಪಾರ ಬಾಕಿಯಲ್ಲಿ ನಿಂತಿದೆ ಎಂದು ತಿಳಿಯುತ್ತದೆ. ಮೊದಲ ಕಂಪನಿಯಲ್ಲಿ ಅದು 59 ದಿನದಿಂದ ಸುಮಾರು 83 ದಿನಕ್ಕೆ ಹೋಗಿದೆ. ಎರಡನೆಯದರಲ್ಲಿ 58ರಲ್ಲೇ ನಿಂತಿದೆ. ಬಾಕಿಯ ಮೊತ್ತದಲ್ಲಿ ಜಿಎಸ್‌ಟಿ ಸೇರಿರುತ್ತದೆ, ವರಮಾನದಲ್ಲಿ ಸೇರಿರುವುದಿಲ್ಲ. ಹಾಗಾಗಿ ದಿನಗಳ ಸಂಖ್ಯೆ ನಿಜಕ್ಕಿಂತ ತುಸು ಹೆಚ್ಚೇ ಬರುತ್ತದೆ. ಎರಡೂ ಕಂಪನಿಗೆ ಒಂದೇ ಲೆಕ್ಕ ಹಾಕುವುದರಿಂದ ಹೋಲಿಕೆಗೆ ತೊಂದರೆಯಿಲ್ಲ.

ದಿನಗಳು ಹೀಗೆ ಏಕಾಏಕಿ ಏರಿದಾಗ ಸಾಮಾನ್ಯವಾಗಿ ಮೂರರಲ್ಲಿ ಒಂದು ನಡೆದಿರುತ್ತದೆ. ವರ್ಷದ ಕೊನೆಯ ವಾರಗಳಲ್ಲಿ ಡೀಲರ್‌ಗಳ ಗೋದಾಮಿಗೆ ಬೇಡದ ಸರಕು ತುಂಬಿಸಿ ಮಾರಾಟ ತೋರಿಸಿರಬಹುದು. ದೊಡ್ಡ ಗ್ರಾಹಕನೊಬ್ಬ ಹಣ ಕೊಡಲಾಗದ ಸ್ಥಿತಿಯಲ್ಲಿರಬಹುದು. ಇಲ್ಲವೇ ಪೈಪೋಟಿಯಲ್ಲಿ ಗ್ರಾಹಕರನ್ನು ಉಳಿಸಿಕೊಳ್ಳಲು ಸಾಲದ ಅವಧಿ ಹೆಚ್ಚಿಸಿರಬಹುದು. ಮೂರರಲ್ಲಿ ಯಾವುದೂ ಒಳ್ಳೆಯ ಸುದ್ದಿಯಲ್ಲ. ಒಂದು ವರ್ಷ ನಗದು ಕಡಿಮೆಯಾದರೆ ಕ್ಷಮಿಸಬಹುದು, ಬೆಳೆಯುವ ಕಂಪನಿಗೆ ದಾಸ್ತಾನು ಬೇಕಾಗುತ್ತದೆ. ಐದು ವರ್ಷಗಳ ನಿವ್ವಳ ಲಾಭವನ್ನು ಕೂಡಿ, ಐದು ವರ್ಷಗಳ ಕಾರ್ಯಾಚರಣೆ ನಗದನ್ನು ಕೂಡಿ ಪಕ್ಕಕ್ಕಿಡಿ. ತಯಾರಿಕಾ ಕಂಪನಿಯಲ್ಲಿ ಸವಕಳಿ, ಬಡ್ಡಿ ಮರಳಿ ಸೇರುವುದರಿಂದ ನಗದೇ ಹೆಚ್ಚಿರಬೇಕು. ಐದು ವರ್ಷ ಕೂಡಿದರೂ ನಗದು ಲಾಭದ ಅರ್ಧ ದಾಟದಿದ್ದರೆ ಆ ಷೇರನ್ನು ಪಟ್ಟಿಯಿಂದ ತೆಗೆಯುವುದೇ ಒಳ್ಳೆಯದು, ಪಿಇ ಎಷ್ಟೇ ಕಡಿಮೆಯಿರಲಿ.

ದಾಸ್ತಾನಿನ ಸಾಲನ್ನೂ ಒಮ್ಮೆ ನೋಡಿ. ವೆಚ್ಚಗಳ ಪಟ್ಟಿಯಲ್ಲಿ "ದಾಸ್ತಾನಿನಲ್ಲಿ ಬದಲಾವಣೆ" ಎಂಬ ಬಾಬ್ತು ಕಂಸದೊಳಗೆ, ಅಂದರೆ ವೆಚ್ಚದಿಂದ ಕಳೆಯುವ ದೊಡ್ಡ ಮೊತ್ತವಾಗಿ ಕಂಡರೆ, ತಯಾರಿಸಿದ ಸರಕು ಮಾರಾಟವಾಗದೆ ಗೋದಾಮು ಸೇರಿದೆ ಎಂದರ್ಥ. ಕಾರ್ಖಾನೆಯ ಒಂದಷ್ಟು ಖರ್ಚು ಆ ದಾಸ್ತಾನಿನ ಬೆಲೆಯೊಳಗೆ ಕೂತು ಈ ತ್ರೈಮಾಸಿಕದ ಲಾಭವನ್ನು ಹಿಗ್ಗಿಸುತ್ತದೆ. ಸರಕು ರಿಯಾಯಿತಿಗೆ ಹೋಗುವ ದಿನ ಅದು ತಿರುಗಿಬೀಳುತ್ತದೆ.

ಯಾವ ಪುಟ: ಸ್ಟ್ಯಾಂಡ್‌ಅಲೋನ್ ಅಥವಾ ಕನ್ಸಾಲಿಡೇಟೆಡ್

ಒಂದೇ ಪಿಡಿಎಫ್‌ನಲ್ಲಿ ಎರಡು ಪಟ್ಟಿಗಳಿರುತ್ತವೆ. ಸ್ಟ್ಯಾಂಡ್‌ಅಲೋನ್ ಎಂದರೆ ಮೂಲ ಕಂಪನಿ ಒಂದರದ್ದೇ. ಕನ್ಸಾಲಿಡೇಟೆಡ್ ಎಂದರೆ ಅಂಗಸಂಸ್ಥೆಗಳನ್ನೂ ಸೇರಿಸಿದ್ದು. ನೀವು ಕೊಳ್ಳುವ ಷೇರಿನ ಬೆಲೆಯಲ್ಲಿ ಅಂಗಸಂಸ್ಥೆಗಳೂ ಸೇರಿರುವುದರಿಂದ ಆಯ್ಕೆಗೆ ಕನ್ಸಾಲಿಡೇಟೆಡ್ ಪುಟವೇ ಆಧಾರವಾಗಬೇಕು. ಒಂದು ಕಂಪನಿಯದು ಇದು, ಇನ್ನೊಂದರದು ಅದು ಎಂದು ಬೆರೆಸಿದರೆ ಹೋಲಿಕೆಯೇ ಕೆಟ್ಟಿತು. ಎಷ್ಟು ವ್ಯತ್ಯಾಸವಾಗಬಹುದು ಎಂಬುದಕ್ಕೆ ಎನ್‌ಎಸ್‌ಇಯ ಸೂಚ್ಯಂಕ ನಿಫ್ಟಿಯೇ ಸಾಕ್ಷಿ. 2021ರ ಮಾರ್ಚ್ ಕೊನೆಗೆ ಎನ್‌ಎಸ್‌ಇ ಸೂಚ್ಯಂಕದ ಪಿಇ ಲೆಕ್ಕವನ್ನು ಸ್ಟ್ಯಾಂಡ್‌ಅಲೋನ್‌ನಿಂದ ಕನ್ಸಾಲಿಡೇಟೆಡ್ ಗಳಿಕೆಗೆ ಬದಲಿಸಿದಾಗ, ಸುಮಾರು 40 ಇದ್ದದ್ದು 33ರ ಆಸುಪಾಸಿಗೆ ಬಂತು. ಅಂದು ಷೇರುಗಳೇನೂ ಅಗ್ಗವಾಗಿರಲಿಲ್ಲ. 2021ಕ್ಕೆ ಹಿಂದಿನ ನಿಫ್ಟಿ ಪಿಇಯನ್ನು ಇಂದಿನದರ ಜೊತೆ ಹೋಲಿಸಿ ವಾದಿಸುವವರು ಈ ಬದಲಾವಣೆಯನ್ನು ಗಣನೆಗೆ ತೆಗೆದುಕೊಳ್ಳಲೇಬೇಕು.

ಕನ್ಸಾಲಿಡೇಟೆಡ್ ಪಟ್ಟಿಯಲ್ಲೂ ಕೊನೆಯ ಸಾಲಿಗೆ ನಿಲ್ಲಬೇಡಿ. ಅದರ ಕೆಳಗೆ ಲಾಭವನ್ನು ಎರಡಾಗಿ ಒಡೆದಿರುತ್ತಾರೆ: ಮಾತೃ ಕಂಪನಿಯ ಷೇರುದಾರರಿಗೆ ಸೇರಿದ್ದು, ಅಂಗಸಂಸ್ಥೆಯ ಹೊರಗಿನ ಷೇರುದಾರರಿಗೆ ಸೇರಿದ್ದು. ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿಯಲ್ಲಿ ಘಟಕವಿರುವ ಸಿಮೆಂಟ್ ಕಂಪನಿ ಎಸಿಸಿಯನ್ನೇ ತೆಗೆದುಕೊಳ್ಳಿ. 2023-24ರ ವರದಿಯಲ್ಲಿ ಎಸಿಸಿಯ ಅರ್ಧಕ್ಕಿಂತ ತುಸುವೇ ಹೆಚ್ಚು ಪಾಲು ಅಂಬುಜಾ ಸಿಮೆಂಟ್ಸ್ ಬಳಿ ಇದೆ. ಅಂಬುಜಾದ ಕನ್ಸಾಲಿಡೇಟೆಡ್ ಪಟ್ಟಿಯಲ್ಲಿ ಎಸಿಸಿಯ ವರಮಾನವೂ ಲಾಭವೂ ಪೂರ್ತಿಯಾಗಿ ಸೇರುತ್ತವೆ, ಆದರೆ ಎಸಿಸಿ ಲಾಭದ ಹೆಚ್ಚು ಕಡಿಮೆ ಅರ್ಧ ಅಂಬುಜಾ ಷೇರುದಾರರದ್ದಲ್ಲ. ಒಟ್ಟು ಲಾಭವನ್ನು ಅಂಬುಜಾ ಷೇರುಗಳ ಸಂಖ್ಯೆಯಿಂದ ಭಾಗಿಸಿದರೆ ಇಪಿಎಸ್ ತಪ್ಪಾಗಿ ಹೆಚ್ಚು ಬರುತ್ತದೆ. ಕಂಪನಿಯೇ ಕೊಟ್ಟಿರುವ ಇಪಿಎಸ್ ಮಾತೃ ಕಂಪನಿಯ ಪಾಲಿನ ಮೇಲಿರುತ್ತದೆ, ಅದನ್ನೇ ಬಳಸಿ.

ಕಂಪನಿಯ ಗುರುತು ಹಿಡಿಯುವಲ್ಲೇ ಎಡವುವವರೂ ಇದ್ದಾರೆ. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಬಸ್ಸುಗಳ ಸಾಲು ಕಂಡು "ಆ ಕಂಪನಿ ಷೇರು ತಗೋಬೇಕು" ಎನ್ನುವವರು ಕೋಲಾರದಲ್ಲಿ ಬಹಳ. ಅಲ್ಲಿನ ಹೋಂಡಾ ದ್ವಿಚಕ್ರ ವಾಹನ ಕಂಪನಿ ನಮ್ಮ ಷೇರುಪೇಟೆಯಲ್ಲಿ ನೋಂದಣಿಯಾಗಿಲ್ಲ. ವಿಸ್ಟ್ರಾನ್‌ನಿಂದ ಐಫೋನ್ ಘಟಕ ವಹಿಸಿಕೊಂಡ ಟಾಟಾ ಎಲೆಕ್ಟ್ರಾನಿಕ್ಸ್ ಕೂಡ ನೋಂದಾಯಿತವಲ್ಲ. ಟಾಟಾ ಹೆಸರಿನ ಬೇರೊಂದು ಷೇರು ಕೊಂಡರೆ ಈ ಘಟಕದ ಗಳಿಕೆ ಅದರ ಪಟ್ಟಿಯಲ್ಲಿ ಬರುವುದಿಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಹೆಲಿಕಾಪ್ಟರ್ ಕಾರ್ಖಾನೆ ಎಚ್‌ಎಎಲ್‌ನದು, ಅದು ನೋಂದಾಯಿತ ಕಂಪನಿಯೇ. ಆದರೆ ಬೆಂಗಳೂರು, ನಾಸಿಕ್, ಕೋರಾಪುಟ್ ಮುಂತಾದ ಕಡೆಯ ಘಟಕಗಳೆಲ್ಲ ಸೇರಿ ಅದರ ಗಳಿಕೆ. ಗುಬ್ಬಿಯಲ್ಲಿ ಕಾಣುವ ಚಟುವಟಿಕೆಯಿಂದ ಈ ತ್ರೈಮಾಸಿಕದ ಲಾಭ ಊಹಿಸಲು ಆಗದು.

ಯಾವ ಅವಧಿಗೆ ಯಾವ ಅವಧಿ

ತ್ರೈಮಾಸಿಕ ಪಟ್ಟಿಯಲ್ಲಿ ಈ ತ್ರೈಮಾಸಿಕ, ಅದರ ಹಿಂದಿನದು, ಕಳೆದ ವರ್ಷದ ಇದೇ ತ್ರೈಮಾಸಿಕ ಎಂದು ಮೂರು ಕಾಲಂ ಇರುತ್ತವೆ. ಮೂರನೆಯದರ ಜೊತೆ ಹೋಲಿಸುವುದೇ ಸಾಮಾನ್ಯ ನಿಯಮ, ಋತುವಿನ ಏರಿಳಿತ ಅದರಲ್ಲಿ ಸರಿಹೋಗುತ್ತದೆ. ಸರ್ಕಾರಿ ಆರ್ಡರ್‌ಗಳ ಮೇಲೆ ನಿಂತ ಕಂಪನಿಗಳಲ್ಲಂತೂ ಬೇರೆ ದಾರಿಯೇ ಇಲ್ಲ. ಕೆಜಿಎಫ್‌ನಲ್ಲಿ ದೊಡ್ಡ ಘಟಕ ಹೊಂದಿರುವ ಬೆಮೆಲ್, 2023-24 ಮತ್ತು 2024-25 ಎರಡೂ ವರ್ಷ ಏಪ್ರಿಲ್–ಜೂನ್‌ನಲ್ಲಿ ನಷ್ಟ ತೋರಿಸಿ ವರ್ಷದ ಕೊನೆಗೆ ಲಾಭ ತೋರಿಸಿತು. ಎಚ್‌ಎಎಲ್‌ನ 2023-24ರ ವರಮಾನದಲ್ಲಿ ಹೆಚ್ಚು ಕಡಿಮೆ ಅರ್ಧ ಜನವರಿ–ಮಾರ್ಚ್ ಒಂದರಲ್ಲೇ ಬಂತು. ರಕ್ಷಣೆ, ರೈಲು, ಗಣಿ ಇಲಾಖೆಗಳು ಬಜೆಟ್ ವರ್ಷ ಮುಗಿಯುವುದರೊಳಗೆ ಸರಕು ಸ್ವೀಕರಿಸಿ ಲೆಕ್ಕ ಮುಗಿಸುವುದು ಇದಕ್ಕೆ ಮುಖ್ಯ ಕಾರಣ. ಆಗಸ್ಟ್‌ನಲ್ಲಿ "ಬೆಮೆಲ್ ನಷ್ಟಕ್ಕೆ ಬಿತ್ತು" ಎಂದು ಮಾರುವುದೂ ಮೇನಲ್ಲಿ "ಲಾಭ ಹಲವು ಪಟ್ಟು" ಎಂದು ಕೊಳ್ಳುವುದೂ ಎರಡೂ ತಪ್ಪೆಣಿಕೆ. ಇಂಥ ಕಂಪನಿಗಳಿಗೆ ಕೊನೆಯ ನಾಲ್ಕು ತ್ರೈಮಾಸಿಕಗಳನ್ನು ಕೂಡಿ ನೋಡಿ, ಅದರ ಜೊತೆ ಬಾಕಿ ಆರ್ಡರ್‌ಗಳ ಮೊತ್ತವನ್ನೂ ಅದು ವರ್ಷದ ವರಮಾನದ ಎಷ್ಟು ಪಟ್ಟು ಎಂಬುದನ್ನೂ ಬರೆದುಕೊಳ್ಳಿ. ಆರ್ಡರ್ ಇದ್ದ ಮಾತ್ರಕ್ಕೆ ಲಾಭವಲ್ಲ. ಎಂಜಿನ್ ಅಥವಾ ಬಿಡಿಭಾಗ ಬರುವುದು ತಡವಾದರೆ ಹಸ್ತಾಂತರ ಮುಂದಕ್ಕೆ ಹೋಗುತ್ತದೆ, ವರಮಾನವೂ ಅದರೊಂದಿಗೆ ಹೋಗುತ್ತದೆ.

ಜನವರಿ–ಮಾರ್ಚ್ ಅಂಕಿಯ ಬಗ್ಗೆ ಇನ್ನೊಂದು ಮಾತು. ಪಿಡಿಎಫ್‌ನ ಕೆಳಗಿನ ಟಿಪ್ಪಣಿಯಲ್ಲಿ, ಇದು ಇಡೀ ವರ್ಷದ ಆಡಿಟ್ ಆದ ಅಂಕಿಯಿಂದ ಡಿಸೆಂಬರ್‌ವರೆಗಿನ ಒಂಬತ್ತು ತಿಂಗಳ ಅಂಕಿಯನ್ನು ಕಳೆದು ಬಂದದ್ದು ಎಂಬ ವಾಕ್ಯವಿರುತ್ತದೆ. ಮೊದಲ ಮೂರು ತ್ರೈಮಾಸಿಕಗಳಿಗೆ ಲೆಕ್ಕಪರಿಶೋಧಕರದು ಸೀಮಿತ ಪರಿಶೀಲನೆ ಸಾಕು, ಪೂರ್ಣ ಆಡಿಟ್ ವರ್ಷಕ್ಕೊಮ್ಮೆ. ಹಾಗಾಗಿ ವರ್ಷವಿಡೀ ಸರಿಪಡಿಸದೆ ಬಿಟ್ಟದ್ದೆಲ್ಲ ಕೊನೆಯ ತ್ರೈಮಾಸಿಕಕ್ಕೆ ಬಂದು ಬೀಳುತ್ತದೆ. ಬಾರದ ಬಾಕಿಗೆಂದು ಲಾಭದಿಂದ ಎತ್ತಿಡುವ ಮೊತ್ತ (ಇದಕ್ಕೆ ಅವಕಾಶ ಅಥವಾ ಪ್ರಾವಿಷನ್ ಎನ್ನುತ್ತಾರೆ), ನೌಕರರ ಗ್ರಾಚ್ಯುಟಿ, ಹಳೆಯ ದಾಸ್ತಾನಿನ ಬೆಲೆ ಇಳಿಸುವುದು ಇಂಥವು. ಪ್ರತಿ ವರ್ಷವೂ ಕೊನೆಯ ತ್ರೈಮಾಸಿಕದಲ್ಲೇ "ಅನಿರೀಕ್ಷಿತ" ಖರ್ಚು ಬರುವ ಕಂಪನಿಯ ಮೊದಲ ಮೂರು ತ್ರೈಮಾಸಿಕಗಳ ಅಂಕಿಗಳನ್ನು ನಂಬಿ ಆಯ್ಕೆ ಮಾಡಬೇಡಿ.

ವರ್ಷ ಎಂದಾಗಲೂ 12 ತಿಂಗಳೇ ಎಂದು ಖಾತ್ರಿ ಮಾಡಿಕೊಳ್ಳಿ. ಎಸಿಸಿ ಮತ್ತು ಅಂಬುಜಾ ಹಿಂದೆ ಜನವರಿ–ಡಿಸೆಂಬರ್ ಲೆಕ್ಕ ಇಡುತ್ತಿದ್ದವು. ಮಾರ್ಚ್‌ಗೆ ಬದಲಾದಾಗ 2022ರ ಜನವರಿಯಿಂದ 2023ರ ಮಾರ್ಚ್‌ವರೆಗೆ 15 ತಿಂಗಳ ಒಂದೇ ವರ್ಷವಾಯಿತು. ಅದನ್ನು ಗಮನಿಸದವರಿಗೆ ಆ ವರ್ಷ ವ್ಯಾಪಾರ ಜಿಗಿದಂತೆ, ಮುಂದಿನ ವರ್ಷ ಕುಸಿದಂತೆ ಕಾಣುತ್ತದೆ. 15ರಿಂದ ಭಾಗಿಸಿ 12ರಿಂದ ಗುಣಿಸಿದರೆ ಒರಟು ಹೋಲಿಕೆಗೆ ಸಾಕು.

ಮುಖಬೆಲೆ (ಷೇರಿನ ಮೇಲೆ ನಮೂದಾದ ಮೂಲ ಬೆಲೆ) ಒಡೆದಾಗಲೂ ಬೋನಸ್ ಷೇರು ಕೊಟ್ಟಾಗಲೂ ಹೋಲಿಕೆ ಹೀಗೇ ತಪ್ಪುತ್ತದೆ. ಕೆನರಾ ಬ್ಯಾಂಕ್ 2024ರ ಮೇ ತಿಂಗಳಲ್ಲಿ 10 ರೂಪಾಯಿ ಮುಖಬೆಲೆಯ ಷೇರನ್ನು 2 ರೂಪಾಯಿಯ ಐದಾಗಿ ಒಡೆಯಿತು. ಎಚ್‌ಎಎಲ್ 2023ರ ಸೆಪ್ಟೆಂಬರ್‌ನಲ್ಲಿ 10 ರೂಪಾಯಿಯದನ್ನು ಎರಡಾಗಿ ಮಾಡಿತು. ಹೊಸ ಪಿಡಿಎಫ್‌ಗಳಲ್ಲಿ ಹಿಂದಿನ ವರ್ಷದ ಇಪಿಎಸ್ ತಿದ್ದಿ ಹಾಕಿರುತ್ತಾರೆ. ಹಳೆಯ ಪಿಡಿಎಫ್‌ನಲ್ಲಿ ಹಳೆಯದೇ ಇರುತ್ತದೆ. ಹಳೆಯ ಇಪಿಎಸ್‌ಗೆ ಇಂದಿನ ಬೆಲೆ ಹಾಕಿದರೆ ಕೆನರಾದ ಪಿಇ ಐದನೇ ಒಂದು ಭಾಗಕ್ಕೆ ಇಳಿದು ಕಾಣುತ್ತದೆ. ಇಪಿಎಸ್ ಸಾಲಿನ ಹತ್ತಿರವೇ ಮುಖಬೆಲೆ ಬರೆದಿರುತ್ತದೆ, ಎರಡೂ ವರ್ಷದ್ದು ಒಂದೇ ಇದೆಯೇ ನೋಡಿ. ಹೊಸ ಷೇರು ಮಾರಿ ಬಂಡವಾಳ ಎತ್ತಿದ ಕಂಪನಿಗಳಲ್ಲಿ ಒಟ್ಟು ಲಾಭ ಶೇ 20 ಏರಿ, ಷೇರುಗಳ ಸಂಖ್ಯೆ ಶೇ 25 ಏರಿದ್ದರೆ ನಿಮ್ಮ ಪಾಲು ಇಳಿದಿದೆ.

ಬ್ಯಾಂಕ್ ಮತ್ತು ಕಿರುಸಾಲ ಕಂಪನಿಗಳು

ಮೇಲೆ ಹೇಳಿದ ಕಾರ್ಯಾಚರಣೆ ಲಾಭ, ಬಾಕಿ ದಿನ, ನಗದು ಹರಿವು ಯಾವುದೂ ಬ್ಯಾಂಕಿಗೆ ಹೊಂದುವುದಿಲ್ಲ. ಬಡ್ಡಿಯೇ ಅವರ ಕಚ್ಚಾವಸ್ತು. ಇಲ್ಲಿ ನೋಡಬೇಕಾದದ್ದು ನಿವ್ವಳ ಬಡ್ಡಿ ಆದಾಯ (ಬಂದ ಬಡ್ಡಿಯಿಂದ ಕೊಟ್ಟ ಬಡ್ಡಿ ಕಳೆದದ್ದು), ಅವಕಾಶಕ್ಕೆ ಮುಂಚಿನ ಲಾಭ, ಮತ್ತು ಕೆಟ್ಟ ಸಾಲಕ್ಕೆ ಎತ್ತಿಟ್ಟ ಅವಕಾಶದ ಮೊತ್ತ.

ಎರಡು ಬ್ಯಾಂಕುಗಳ ನಿವ್ವಳ ಲಾಭವೂ 500 ಕೋಟಿ ಎನ್ನಿ. ಒಂದರಲ್ಲಿ ಅವಕಾಶಕ್ಕೆ ಮುಂಚಿನ ಲಾಭ 900, ಅವಕಾಶ 230, ತೆರಿಗೆ 170. ಇನ್ನೊಂದರಲ್ಲಿ 700, 30, 170. ಎರಡನೆಯದು ಕಡಿಮೆ ಅವಕಾಶದ ಬಲದಿಂದ 500 ತಲುಪಿದೆ. ಅದರ ಸಾಲಗಳು ನಿಜಕ್ಕೂ ಗಟ್ಟಿಯಾಗಿದ್ದರೆ ಪರವಾಗಿಲ್ಲ. ತಿಳಿಯಬೇಕೆಂದರೆ ಆ ತ್ರೈಮಾಸಿಕದಲ್ಲಿ ಹೊಸದಾಗಿ ಕೆಟ್ಟ ಸಾಲವಾದದ್ದೆಷ್ಟು, ಒಟ್ಟು ಎನ್‌ಪಿಎಗೂ (ಅಂದರೆ ಒಟ್ಟು ಕೆಟ್ಟ ಸಾಲ) ಅವಕಾಶ ಕಳೆದು ಉಳಿಯುವ ನಿವ್ವಳ ಎನ್‌ಪಿಎಗೂ ಅಂತರವೆಷ್ಟು ನೋಡಿ. ಒಟ್ಟು ಎನ್‌ಪಿಎ 1,000 ಕೋಟಿ, ನಿವ್ವಳ 250 ಕೋಟಿ ಆದರೆ ಮುಕ್ಕಾಲು ಭಾಗಕ್ಕೆ ಆಗಲೇ ಹಣ ಎತ್ತಿಟ್ಟಾಗಿದೆ. ಹೊಸ ಕೆಟ್ಟ ಸಾಲ ಹೆಚ್ಚುತ್ತಿದ್ದು ಅವಕಾಶ ಮಾತ್ರ ಕಡಿಮೆಯಾಗುತ್ತಿದ್ದರೆ ಇಂದಿನ ಲಾಭ ನಾಳೆಯದರಿಂದ ತಂದ ಸಾಲ. ಬ್ಯಾಂಕಿನ ಇತರೆ ಆದಾಯವನ್ನೂ ಒಡೆದು ನೋಡಬೇಕು: ಮಾರುಕಟ್ಟೆಯಲ್ಲಿ ಬಡ್ಡಿ ದರ ಇಳಿದಾಗ ಸರ್ಕಾರಿ ಬಾಂಡ್‌ಗಳ ಬೆಲೆ ಏರಿ ಲಾಭ ಬರುತ್ತದೆ, ದರ ತಿರುಗಿದರೆ ಅದು ನಿಲ್ಲುತ್ತದೆ.

ನಮ್ಮ ಮೂರೂ ಜಿಲ್ಲೆಗಳ ಹಳ್ಳಿಗಳಲ್ಲಿ ಮಹಿಳಾ ಗುಂಪುಗಳಿಗೆ ಸಾಲ ಕೊಡುವ ಕಿರುಸಾಲ ಕಂಪನಿಗಳ ಹೆಸರು ಎಲ್ಲರಿಗೂ ಪರಿಚಯ. ಪರಿಚಯವಿದೆ ಎಂಬ ಕಾರಣಕ್ಕೇ ಅವುಗಳ ಷೇರು ಕೊಳ್ಳುವವರೂ ಇದ್ದಾರೆ. ಈ ಉದ್ಯಮದ ಗಳಿಕೆಯಲ್ಲಿ ಒಂದು ಗುಣ ಮರೆಯಬಾರದು. ಸಾಲ 90 ದಿನ ಕಟ್ಟದೆ ಉಳಿದ ಮೇಲಷ್ಟೇ ಕೆಟ್ಟ ಸಾಲವೆನಿಸುತ್ತದೆ. ಈ ತಿಂಗಳು ಕೊಟ್ಟ ಸಾಲ ಕೆಡಲು ಸಮಯವೇ ಸಿಕ್ಕಿರುವುದಿಲ್ಲ. ಸಾಲದ ಗಾತ್ರ ವೇಗವಾಗಿ ಬೆಳೆಯುವ ವರ್ಷಗಳಲ್ಲಿ ಛೇದ ದೊಡ್ಡದಾಗಿ ಎನ್‌ಪಿಎ ಶೇಕಡಾವಾರು ಸಣ್ಣದಾಗಿ ಕಾಣುತ್ತದೆ, ಲಾಭ ಹೊಳೆಯುತ್ತದೆ. ಬೆಳವಣಿಗೆ ನಿಂತ ಕೂಡಲೇ ಎಲ್ಲ ಒಟ್ಟಿಗೆ ಬಯಲಾಗುತ್ತದೆ. ಜೊತೆಗೆ ರಾಜ್ಯದ ಕಾನೂನಿನ ಪ್ರಭಾವವೂ ಇದೆ: ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದಿತು. ಸಾಲಗಾರ ಮಹಿಳೆಯರ ರಕ್ಷಣೆಗೆ ಅದು ಬೇಕಿತ್ತು. ಷೇರು ಕೊಳ್ಳುವವರು ಅದರ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಇಂಥ ಎರಡು ಕಂಪನಿಗಳ ನಡುವೆ ಆರಿಸುವುದಾದರೆ ಇಪಿಎಸ್ ಬದಿಗಿಡಿ. ತಿಂಗಳ ವಸೂಲಾತಿ ಪ್ರಮಾಣ, 30 ದಿನ ಮೀರಿದ ಸಾಲಗಳ ಪಾಲು, ಒಂದೇ ರಾಜ್ಯದಲ್ಲಿ ಎಷ್ಟು ಸಾಲವಿದೆ ಎಂಬ ಮೂರನ್ನು ಹೂಡಿಕೆದಾರರ ಪ್ರಸೆಂಟೇಷನ್‌ನಿಂದ ತೆಗೆದು ಹೋಲಿಸಿ.

ಸಿಮೆಂಟ್, ಉಕ್ಕು, ಸಕ್ಕರೆಯಂಥ ಏರಿಳಿತದ ಉದ್ಯಮಗಳಲ್ಲಿ ಪಿಇ ತಿರುಗುಮುರುಗಾಗಿ ಕೆಲಸ ಮಾಡುತ್ತದೆ. ಸರಕಿನ ಬೆಲೆ ತುದಿಯಲ್ಲಿದ್ದಾಗ ಇಪಿಎಸ್ ತುಂಬಾ ದೊಡ್ಡದು, ಪಿಇ 5 ಅಥವಾ 6. ಅಗ್ಗವೆಂದು ಕೊಂಡವರಿಗೆ ಪೆಟ್ಟು ಬೀಳುವುದು ಆಗಲೇ. ಏಳೆಂಟು ವರ್ಷಗಳ ಸರಾಸರಿ ಇಪಿಎಸ್ ತೆಗೆದು ಅದರ ಮೇಲೆ ಪಿಇ ಕಟ್ಟಿ.

ಫಲಿತಾಂಶದ ಸಂಜೆ ಮಾಡುವ ಕೆಲಸ

ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ತ್ರೈಮಾಸಿಕ ಮುಗಿದ 45 ದಿನಗಳೊಳಗೆ ಫಲಿತಾಂಶ ಬರಬೇಕು. ವರ್ಷದ ಆಡಿಟ್ ಆದ ಫಲಿತಾಂಶಕ್ಕೆ 60 ದಿನ. ಅಂದರೆ ಆಗಸ್ಟ್ 14, ನವೆಂಬರ್ 14, ಫೆಬ್ರುವರಿ 14, ಮೇ 30 ಕೊನೆಯ ದಿನಗಳು. ಪ್ರತಿ ಸಲವೂ ಕೊನೆಯ ದಿನದ ರಾತ್ರಿಯೇ ಸಲ್ಲಿಸುವ ಕಂಪನಿಯನ್ನು ಸ್ವಲ್ಪ ಹೆಚ್ಚು ಎಚ್ಚರದಿಂದ ಓದಿ.

ಪಿಡಿಎಫ್ ತೆರೆದ ಕೂಡಲೇ ಮೇಲ್ಭಾಗದಲ್ಲಿ ಮೊತ್ತ ಲಕ್ಷದಲ್ಲಿದೆಯೋ ಕೋಟಿಯಲ್ಲಿದೆಯೋ ನೋಡಿ. ಎರಡು ಕಂಪನಿಗಳು ಬೇರೆ ಬೇರೆ ಬಳಸಿದ್ದರೆ ನೂರು ಪಟ್ಟು ತಪ್ಪಾಗುತ್ತದೆ. ಆಮೇಲೆ ಲೆಕ್ಕಪರಿಶೋಧಕರ ಪತ್ರಕ್ಕೆ ಹೋಗಿ. ಅವರು ಒಪ್ಪಿಗೆಗೆ ಷರತ್ತು ಹಾಕಿದ್ದರೆ, ಯಾವುದೋ ಅಂಗಸಂಸ್ಥೆಯ ಲೆಕ್ಕ ತಾವು ಪರಿಶೀಲಿಸಿಲ್ಲ ಎಂದು ದೊಡ್ಡ ಮೊತ್ತ ಬರೆದಿದ್ದರೆ, ಅದನ್ನು ಓದದೆ ಮುಂದೆ ಹೋಗಬೇಡಿ. ಮೂರನೆಯದಾಗಿ ಪಟ್ಟಿಯ ಕೆಳಗಿನ ಟಿಪ್ಪಣಿಗಳು. ಜಾಗ ಮಾರಿದ್ದು, ವಿಮೆ ಹಣ ಬಂದದ್ದು, ಬೆಂಕಿ ಅನಾಹುತ, ವಿಲೀನ, ಎಲ್ಲ ಅಲ್ಲೇ ಸಣ್ಣ ಅಕ್ಷರದಲ್ಲಿರುತ್ತವೆ. ಇಷ್ಟಾದ ಮೇಲೆ ಮೇಲಿನ ಪಟ್ಟಿಯಂತೆ ಒಂದು ಹಾಳೆಯಲ್ಲಿ ಎರಡೂ ಕಂಪನಿಗಳ ಸಾಲುಗಳನ್ನು ಬರೆಯಿರಿ. ಬ್ಯಾಲೆನ್ಸ್ ಶೀಟ್ ಮತ್ತು ನಗದು ಹರಿವಿನ ಪಟ್ಟಿ ಸೆಪ್ಟೆಂಬರ್, ಮಾರ್ಚ್ ಫಲಿತಾಂಶಗಳ ಜೊತೆ ಮಾತ್ರ ಕಡ್ಡಾಯವಾಗಿ ಬರುತ್ತವೆ. ಆದ್ದರಿಂದ ಆಗಸ್ಟ್ ಮತ್ತು ಫೆಬ್ರುವರಿಯಲ್ಲಿ ಬಾಕಿ ದಿನಗಳ ಲೆಕ್ಕ ಸಿಗದಿದ್ದರೆ ಗಾಬರಿ ಬೇಡ. ಆ ಎರಡು ಸಲ ಹೊಸದಾಗಿ ಕೊಳ್ಳುವ ತೀರ್ಮಾನವನ್ನು ಮುಂದಿನ ಪೂರ್ಣ ಪಟ್ಟಿಯವರೆಗೆ ತಡೆಹಿಡಿಯುವುದು ಸಣ್ಣ ಉಳಿತಾಯದವರಿಗೆ ಕ್ಷೇಮ.

ವಿಶ್ಲೇಷಕರೊಂದಿಗೆ ಕಾನ್ಫರೆನ್ಸ್ ಕಾಲ್ ನಡೆಸಿದ ಕಂಪನಿ ಅದರ ಲಿಖಿತ ರೂಪವನ್ನು 5 ಕೆಲಸದ ದಿನಗಳೊಳಗೆ ಹಾಕಬೇಕು. ಆಡಳಿತದ ಆರಂಭಿಕ ಭಾಷಣ ಬಿಟ್ಟು ನೇರವಾಗಿ ಪ್ರಶ್ನೋತ್ತರಕ್ಕೆ ಹೋಗಿ. ಮೊದಲ ಕಂಪನಿಯಂಥ ಪಟ್ಟಿ ನಿಮ್ಮ ಮುಂದಿದ್ದರೆ, ಬಾಕಿ 130ರಿಂದ 190 ಆದದ್ದೇಕೆ ಎಂದು ಯಾರಾದರೂ ಕೇಳಿದ್ದಾರೆಯೇ ಹುಡುಕಿ. ಯಾವ ಗ್ರಾಹಕ, ಎಷ್ಟು ಮೊತ್ತ, ಮಾರ್ಚ್ ನಂತರ ಎಷ್ಟು ಬಂತು ಎಂದು ಅಂಕಿಯೊಂದಿಗೆ ಉತ್ತರ ಬಂದಿದ್ದರೆ ಇನ್ನೊಂದು ತ್ರೈಮಾಸಿಕ ಕಾದು ನೋಡಬಹುದು. "ಇದು ತಾತ್ಕಾಲಿಕ, ಸರಿಹೋಗುತ್ತದೆ" ಎಂದಷ್ಟೇ ಇದ್ದರೆ ಎರಡನೇ ಕಂಪನಿಯ ಪಿಡಿಎಫ್ ತೆರೆಯಿರಿ.